ಮಾಧ್ಯಮಕ್ಕೆ ಬರಲು ಯಾವ ದಾರಿ? ಕೋರ್ಸ್, ಇಂಟರ್ನ್‌ಶಿಪ್, ಫ್ರೀಲಾನ್ಸ್, ಸ್ವಂತ ಚಾನೆಲ್ ಹೋಲಿಸಿ ನೋಡೋಣ

ಮಾಧ್ಯಮದಲ್ಲಿ ಕೆಲಸ ಮಾಡಬೇಕು, ಎಲ್ಲಿಂದ ಶುರು ಮಾಡೋದು ಅಂತ ಕೇಳುವವರು ಬಹಳ ಜನ. ಉತ್ತರ ಕೊಡುವವರಿಗೂ ಕೊರತೆ ಇಲ್ಲ, ಆದರೆ ಪ್ರತಿಯೊಬ್ಬರೂ ತಾವು ಬಂದ ದಾರಿಯನ್ನೇ ತೋರಿಸುತ್ತಾರೆ. ಕೋರ್ಸ್ ಮಾಡಿ ಬಂದವರು ಕೋರ್ಸ್ ಮಾಡು ಅನ್ನುತ್ತಾರೆ. ಮಾಡದೇ ಬಂದವರು ಅದೆಲ್ಲ ಸುಮ್ನೆ ದುಡ್ಡು ದಂಡ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ವೈದ್ಯರಾಗಲು, ವಕೀಲರಾಗಲು ಇಂಥದೇ ಓದು ಬೇಕು ಅಂತ ಕಾನೂನೇ ಹೇಳುತ್ತದೆ, ಪತ್ರಕರ್ತರಾಗಲು ಹೆಚ್ಚಿನ ದೇಶಗಳಲ್ಲಿ ಅಂಥ ಕಟ್ಟಳೆ ಇಲ್ಲ. ಇಟಲಿಯಲ್ಲಿ 1963ರ ಕಾನೂನಿನ ಪ್ರಕಾರ ಪತ್ರಕರ್ತರು ಹೆಸರು ನೋಂದಾಯಿಸಬೇಕು, ಅಂಥದ್ದು ಅಪರೂಪ. ಹಾಗಾಗಿ ದಾರಿಗಳು ಹಲವು, ಗೊಂದಲವೂ ಅಷ್ಟೇ.

ನಾನು ಈ ದಾರಿಗಳನ್ನೆಲ್ಲ ಹೋಲಿಸುವುದು ಒಂದೇ ಪ್ರಶ್ನೆ ಇಟ್ಟುಕೊಂಡು. ಅಲ್ಲಿ ನಿಮ್ಮ ಕೆಲಸವನ್ನು ತಿದ್ದುವವರು ಯಾರು? ಸಂಸ್ಥೆಯ ಹೆಸರು, ಸರ್ಟಿಫಿಕೇಟು, ಸ್ಕ್ರೀನ್ ಮೇಲೆ ಮುಖ ಬರುವುದು, ಇವೆಲ್ಲ ಆಮೇಲೆ. ಕೈಯಲ್ಲಿ ಎಷ್ಟು ತಿಂಗಳಿಗೆ ಸಾಲುವಷ್ಟು ದುಡ್ಡಿದೆ ಅನ್ನುವುದನ್ನು ಮಾತ್ರ ಈ ಪ್ರಶ್ನೆಯ ಪಕ್ಕದಲ್ಲೇ ಇಟ್ಟುಕೊಳ್ಳಿ.

ತಿದ್ದುವುದು ಅಂದರೆ ಕಾಗುಣಿತ ಸರಿಮಾಡುವುದಲ್ಲ. ಒಂದು ಉದಾಹರಣೆ ನೋಡಿ. ಹೊಸ ವರದಿಗಾರರೊಬ್ಬರು ಸಭೆಗೆ ಹೋಗಿ ಬಂದು ಹೀಗೆ ಬರೆಯುತ್ತಾರೆ: "ನಗರಾಡಳಿತದ ಸಾಮಾನ್ಯ ಸಭೆಯು ಬುಧವಾರ ಅಧ್ಯಕ್ಷರ ನೇತೃತ್ವದಲ್ಲಿ ಜರುಗಿತು. ಸಭೆಯಲ್ಲಿ ವಿವಿಧ ವಿಷಯಗಳ ಕುರಿತು ಚರ್ಚಿಸಲಾಯಿತು." ಐದನೇ ಪ್ಯಾರಾದಲ್ಲಿ ಎಲ್ಲೋ ಮೂಲೆಯಲ್ಲಿ ಒಂದು ಸಾಲು, ಮುಂದಿನ ತಿಂಗಳಿಂದ ಮೂರು ದಿನಕ್ಕೊಮ್ಮೆ ಮಾತ್ರ ನೀರು ಅಂತ. ಡೆಸ್ಕಿನಲ್ಲಿ, ಅಂದರೆ ಬಂದ ವರದಿಗಳನ್ನು ತಿದ್ದುವ ವಿಭಾಗದಲ್ಲಿ, ಕೂತವರು ಆ ಸಾಲನ್ನು ಎತ್ತಿ ಮೇಲಕ್ಕೆ ತರುತ್ತಾರೆ: "ಮುಂದಿನ ತಿಂಗಳಿಂದ ನಗರಕ್ಕೆ ಮೂರು ದಿನಕ್ಕೊಮ್ಮೆ ಮಾತ್ರ ನೀರು ಬರಲಿದೆ." ಆಮೇಲೆ ವರದಿಗಾರರಿಗೆ ಫೋನ್ ಹೋಗುತ್ತದೆ. ಇಡೀ ಊರಿಗಾ, ಕೆಲವು ಬಡಾವಣೆಗಾ? ಯಾಕೆ, ಜಲಾಶಯ ಬತ್ತಿದೆಯಾ, ಪಂಪ್ ಕೆಟ್ಟಿದೆಯಾ? ಎಷ್ಟು ದಿನ ಹೀಗೆ? ಬೇಡ ಅಂದ ಸದಸ್ಯರು ಯಾರಾದರೂ ಇದ್ದಾರಾ? ಉತ್ತರ ಗೊತ್ತಿಲ್ಲದೆ ತಡವರಿಸಿದವರು ಮುಂದಿನ ಸಭೆಯಲ್ಲಿ ಇವನ್ನೆಲ್ಲ ಕೇಳದೆ ಎದ್ದು ಬರುವುದಿಲ್ಲ. ಮಾಧ್ಯಮದ ಕಲಿಕೆ ಬಹುಪಾಲು ನಡೆಯುವುದೇ ಹೀಗೆ. ಈ ಫೋನ್ ಎಲ್ಲಿ ಬೇಗ ಬರುತ್ತದೋ, ಪದೇ ಪದೇ ಬರುತ್ತದೋ, ಆ ದಾರಿ ಒಳ್ಳೆಯದು.

ಕೋರ್ಸ್: ಯಾವಾಗ ಸಾರ್ಥಕ, ಯಾವಾಗ ದಂಡ

ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆ ಶುರುವಾಯಿತು. ತರಗತಿ ಶುರುವಾದ ದಿನವೇ ವಿದ್ಯಾರ್ಥಿಗಳ ಪತ್ರಿಕೆಯೂ ಹೊರಬಂತು. ಪಾಠ ಮುಗಿದ ಮೇಲೆ ಪತ್ರಿಕೆ ಮಾಡೋಣ ಅಂತ ಕಾಯಲಿಲ್ಲ, ಪತ್ರಿಕೆ ಮಾಡುವುದೇ ಪಾಠ ಅಂದರು. ಜೋಸೆಫ್ ಪುಲಿಟ್ಜರ್ ಕೊಟ್ಟ ಹಣದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಶಾಲೆ 1912ರಲ್ಲಿ ತೆರೆಯಿತು. ನೂರು ವರ್ಷ ದಾಟಿದರೂ ಕೋರ್ಸ್ ಅಳೆಯಲು ನನಗೆ ಮಿಸೌರಿಯ ಆ ಮೊದಲ ದಿನದಷ್ಟು ಒಳ್ಳೆಯ ಅಳತೆ ಸಿಕ್ಕಿಲ್ಲ. ನೀವು ಸೇರಬೇಕು ಅಂದುಕೊಂಡಿರುವ ಕಾಲೇಜಿನಲ್ಲಿ ನಿಜವಾದ ಓದುಗರಿರುವ ಪತ್ರಿಕೆ, ಬುಲೆಟಿನ್, ರೇಡಿಯೊ ಏನಾದರೂ ಇದೆಯಾ? ಅದಕ್ಕೆ ಡೆಡ್‌ಲೈನ್ ಇದೆಯಾ? ಅಥವಾ ಸ್ಟುಡಿಯೊ ಇರುವುದು ಬ್ರೋಷರಿನ ಫೋಟೊಗೆ ಮಾತ್ರಾನಾ?

ಬರೇ ಸಂವಹನ ಸಿದ್ಧಾಂತ ಓದಿಸಿ, ವರ್ಷದ ಕೊನೆಗೆ ಪರೀಕ್ಷೆ ಬರೆಸಿ ಕಳಿಸುವ ಕೋರ್ಸ್ ದಡದ ಮೇಲೆ ನಿಂತು ಈಜು ಕಲಿತಂತೆ. ಸೇರುವ ಮೊದಲು ಹಿಂದಿನ ಬ್ಯಾಚಿನ ಮೂರ್ನಾಲ್ಕು ಜನರನ್ನು ಹುಡುಕಿ ಮಾತಾಡಿ. "ಕೋರ್ಸ್ ಹೇಗಿದೆ" ಅಂತ ಕೇಳಬೇಡಿ, ಎಲ್ಲರೂ ಪರವಾಗಿಲ್ಲ ಅಂತಾರೆ. "ನೀವು ಕಾಲೇಜಿನಲ್ಲಿದ್ದಾಗ ಮಾಡಿದ ಒಂದು ವರದಿ ತೋರಿಸಿ, ಅದನ್ನು ಮೇಷ್ಟ್ರು ಎಷ್ಟು ಸಲ ವಾಪಸ್ ಕಳಿಸಿದರು" ಅಂತ ಕೇಳಿ. ವಾಪಸ್ ಕಳಿಸುವ ಮೇಷ್ಟ್ರು ಇದ್ದರೆ ಆ ಕಾಲೇಜಿಗೆ ಧೈರ್ಯವಾಗಿ ಸೇರಿ.

ಕೋರ್ಸಿನಲ್ಲಿ ಸಿಗುವ, ಹೊರಗೆ ಕಲಿಯಲು ಕಷ್ಟವಾದ ಕೆಲವು ಸಂಗತಿಗಳೂ ಇವೆ. ಮಾನಹಾನಿ ಕಾನೂನು, ನ್ಯಾಯಾಂಗ ನಿಂದನೆ, ಕಾಪಿರೈಟ್, ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ಸಂತ್ರಸ್ತರ ಗುರುತು ಮುಚ್ಚಿಡುವ ರೀತಿ. ಇವನ್ನು ಕೆಲಸಕ್ಕೆ ಸೇರಿದ ಮೇಲೆ ತಪ್ಪು ಮಾಡಿ ಕಲಿಯುವುದು ಬೇಡ, ಯಾಕೆಂದರೆ ಆ ತಪ್ಪಿನ ನೋವು ಬೇರೆಯವರದು. ಇನ್ನೊಂದು ಲಾಭ ಸಹಪಾಠಿಗಳು. ಎಲ್ಲಿ ಜಾಗ ಖಾಲಿ ಇದೆ ಅನ್ನುವ ಸುದ್ದಿ ಜಾಹೀರಾತಿಗಿಂತ ಮೊದಲು ಓಡಾಡುವುದು ಅವರ ನಡುವೆ.

ಆದರೆ ಪದವಿ ಇಲ್ಲದಿದ್ದರೆ ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ. ಡೀನ್ ಬಾಕೆ ಕಾಲೇಜು ಅರ್ಧಕ್ಕೆ ಬಿಟ್ಟು ನ್ಯೂ ಆರ್ಲಿಯನ್ಸ್‌ನ ಪತ್ರಿಕೆಯಲ್ಲಿ ವರದಿಗಾರರಾದರು, 1988ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು, 2014ರಿಂದ 2022ರವರೆಗೆ ನ್ಯೂಯಾರ್ಕ್ ಟೈಮ್ಸ್‌ನ ಕಾರ್ಯನಿರ್ವಾಹಕ ಸಂಪಾದಕರಾಗಿದ್ದರು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಜೋಡಿ ಅಂದರೆ ಅರ್ಥಶಾಸ್ತ್ರವೋ ವಿಜ್ಞಾನವೋ ಕಾನೂನೋ ಯಾವುದಾದರೂ ಒಂದು ವಿಷಯದಲ್ಲಿ ಪದವಿ, ಅದರ ಮೇಲೆ ಒಂದು ವರ್ಷದ, ಕೈಕೆಸರು ಮಾಡಿಸುವ ಪತ್ರಿಕೋದ್ಯಮ ಕೋರ್ಸ್. ಬರೆಯುವುದನ್ನು ಒಂದು ವರ್ಷದಲ್ಲಿ ತಕ್ಕಮಟ್ಟಿಗೆ ಕಲಿಯಬಹುದು. ಬಜೆಟ್ ಪುಸ್ತಕ ಓದುವುದನ್ನು ಅಷ್ಟು ಬೇಗ ಕಲಿಯಲಾಗುವುದಿಲ್ಲ.

ಆನ್‌ಲೈನ್ ಕೋರ್ಸುಗಳ ಬಗ್ಗೆ ಒಂದೇ ಮಾತು. ಟೆಕ್ಸಾಸ್ ವಿಶ್ವವಿದ್ಯಾಲಯದ ನೈಟ್ ಸೆಂಟರ್‌ನಂಥ ಕಡೆ ಒಳ್ಳೆಯ ಕೋರ್ಸುಗಳಿವೆ, ಎಷ್ಟೋ ಉಚಿತ. ಡೇಟಾ ಬಳಸುವುದು, ಫೋಟೊದ ಮೂಲ ಹುಡುಕುವುದು ಇಂಥ ಬಿಡಿ ಕೌಶಲಕ್ಕೆ ಸಾಕು. ಸಾವಿರಾರು ಜನ ಒಟ್ಟಿಗೆ ಕಲಿಯುವ ಕಡೆ ನಿಮ್ಮೊಬ್ಬರ ಕಾಪಿ, ಅಂದರೆ ಬರೆದು ಕೊಟ್ಟ ವರದಿ, ತಿದ್ದುವವರು ಸಿಗುವುದು ಕಷ್ಟ.

ಇಂಟರ್ನ್‌ಶಿಪ್ಪಾ, ಸಣ್ಣ ಸಂಸ್ಥೆಯಲ್ಲಿ ಕೆಲಸವಾ?

ಇಲ್ಲಿ ಹೆಚ್ಚಿನವರು ಎಡವುವುದು ಹೆಸರಿನ ಮೋಹಕ್ಕೆ. ದೊಡ್ಡ ಸಂಸ್ಥೆಯ ಇಂಟರ್ನ್‌ಶಿಪ್ ಸಿಕ್ಕಿದರೆ ಬಯೋಡೇಟಾದಲ್ಲಿ ಒಂದು ಹೊಳೆಯುವ ಸಾಲು ಬರುತ್ತದೆ, ನಿಜ. ಆದರೆ ಮೂರು ತಿಂಗಳು ಬೈಟ್‌ಗಳನ್ನು (ಕ್ಯಾಮೆರಾ ಮುಂದೆ ಜನ ಆಡಿದ ಮಾತುಗಳನ್ನು) ಕೇಳಿ ಟೈಪ್ ಮಾಡುತ್ತಾ, ಅತಿಥಿಗಳನ್ನು ಲಿಫ್ಟ್‌ನಿಂದ ಸ್ಟುಡಿಯೊಗೆ ಕರೆದುಕೊಂಡು ಹೋಗುತ್ತಾ ಕಳೆದರೆ ಕೊನೆಗೆ ತೋರಿಸಲು ಏನಿರುತ್ತದೆ? ಸಂದರ್ಶನದಲ್ಲಿ ಆ ಸಾಲು ನೋಡಿದವರು ಕೇಳುವ ಮೊದಲ ಪ್ರಶ್ನೆಯೇ "ಅಲ್ಲಿ ನೀವು ಏನು ಮಾಡಿದಿರಿ" ಅನ್ನುವುದು.

ಸಂಬಳ ಇಲ್ಲದ ಇಂಟರ್ನ್‌ಶಿಪ್ ಬಗ್ಗೆ ಅಮೆರಿಕದ ಒಂದು ಪ್ರಕರಣ ತಿಳಿದುಕೊಳ್ಳುವಂಥದ್ದು. ಫಾಕ್ಸ್ ಸರ್ಚ್‌ಲೈಟ್ ಎಂಬ ಸಿನಿಮಾ ಸಂಸ್ಥೆಯ ಮೇಲೆ ಸಂಬಳವಿಲ್ಲದೆ ದುಡಿದ ಇಂಟರ್ನ್‌ಗಳು ಕೇಸ್ ಹಾಕಿದರು. 2013ರಲ್ಲಿ ನ್ಯಾಯಾಧೀಶರು ಅವರ ಪರ ತೀರ್ಪು ಕೊಟ್ಟರು. 2015ರಲ್ಲಿ ಮೇಲಿನ ಕೋರ್ಟ್ ಅದನ್ನು ಬದಿಗಿಟ್ಟು, ಹೊಸದೊಂದು ಒರೆಗಲ್ಲು ಹೇಳಿತು: ಈ ಸಂಬಂಧದಿಂದ ಮುಖ್ಯವಾಗಿ ಲಾಭ ಆಗುತ್ತಿರುವುದು ಯಾರಿಗೆ, ಇಂಟರ್ನ್‌ಗಾ, ಸಂಸ್ಥೆಗಾ? ಕಾನೂನು ದೇಶದಿಂದ ದೇಶಕ್ಕೆ ಬೇರೆ ಇರಬಹುದು, ಈ ಪ್ರಶ್ನೆಯನ್ನು ಮಾತ್ರ ಎಲ್ಲಿದ್ದವರೂ ಕೇಳಿಕೊಳ್ಳಬಹುದು. ಸಂಸ್ಥೆಯ ನೌಕರರು ಮಾಡಬೇಕಾದ ಕೆಲಸವನ್ನೇ ನೀವು ಪುಕ್ಕಟೆ ಮಾಡುತ್ತಿದ್ದೀರಿ, ಕಲಿಸುವವರು ಯಾರೂ ಇಲ್ಲ ಅಂದರೆ ಅದು ಕಲಿಕೆಯಲ್ಲ. ಅಲ್ಲಿಂದ ಹೊರಡಿ. ಮನೆಯಿಂದ ದುಡ್ಡು ತರಿಸಿಕೊಂಡು ತಿಂಗಳುಗಟ್ಟಲೆ ಪುಕ್ಕಟೆ ದುಡಿಯುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಅದನ್ನೇ ಬಾಗಿಲು ಮಾಡಿದ್ದರಿಂದ ಎಷ್ಟೋ ಒಳ್ಳೆಯವರು ಮಾಧ್ಯಮದಿಂದ ಹೊರಗೇ ಉಳಿದಿದ್ದಾರೆ ಅನ್ನುವುದು ನನಗೆ ನಿಜವಾಗಲೂ ಬೇಸರದ ವಿಷಯ.

ಸಣ್ಣ ಪತ್ರಿಕೆ, ಸಮುದಾಯ ರೇಡಿಯೊ, ಒಂದೇ ವಿಷಯದ ವೆಬ್‌ಸೈಟ್ ಇಂಥ ಕಡೆ ಸಂಬಳ ಕಡಿಮೆ, ಕೆಲಸ ಜಾಸ್ತಿ. ಬೆಳಿಗ್ಗೆ ಕೋರ್ಟಿಗೆ ಹೋಗಿ, ಮಧ್ಯಾಹ್ನ ಫೋಟೊ ತೆಗೆದು, ಸಂಜೆ ತಲೆಬರಹ ಕೊಟ್ಟು, ರಾತ್ರಿ ಪುಟ ಮುಗಿಸಿ ಹೊರಡಬೇಕಾಗಬಹುದು. ಆದರೆ ನಿಮ್ಮ ವರದಿ ಓದಿದವರು ಮರುದಿನ ದಾರಿಯಲ್ಲೇ ಸಿಗುತ್ತಾರೆ, ಹೆಸರು ತಪ್ಪಾಗಿದ್ದರೆ ಅಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಅದೂ ತಿದ್ದುವಿಕೆಯೇ ಅಲ್ವಾ? ಒಬ್ಬ ಒಳ್ಳೆಯ ಹಿರಿಯ ಉಪಸಂಪಾದಕರು ಇರುವ ಸಣ್ಣ ಪತ್ರಿಕೆ ಮತ್ತು ಯಾರಿಗೂ ನಿಮ್ಮ ಹೆಸರೇ ಗೊತ್ತಿಲ್ಲದ ದೊಡ್ಡ ಚಾನೆಲ್, ಎರಡರಲ್ಲಿ ಒಂದು ಅಂದರೆ ನಾನು ಯೋಚನೆ ಮಾಡದೆ ಸಣ್ಣದನ್ನು ಹೇಳುತ್ತೇನೆ. ಆ ಹಿರಿಯರು ಇಲ್ಲದಿದ್ದರೆ ಮಾತ್ರ ಈ ಲೆಕ್ಕ ತಲೆಕೆಳಗು. ಕಾಪಿ ಬಂದ ಹಾಗೇ ಪುಟಕ್ಕೆ ಹೋಗುವ ಕಡೆ ಎರಡು ವರ್ಷ ಇದ್ದರೆ ಎರಡು ವರ್ಷದ ಕೆಟ್ಟ ಅಭ್ಯಾಸ ಗಟ್ಟಿಯಾಗುತ್ತದೆ, ಅಷ್ಟೇ.

ಇನ್ನೊಂದನ್ನೂ ಗಮನಿಸಿ. ಅಸೋಸಿಯೇಟೆಡ್ ಪ್ರೆಸ್ 2014ರಲ್ಲೇ ಕಂಪನಿಗಳ ತ್ರೈಮಾಸಿಕ ಲಾಭ ನಷ್ಟದ ಸುದ್ದಿಗಳನ್ನು ಸಾಫ್ಟ್‌ವೇರ್‌ನಿಂದ ಬರೆಸಲು ಶುರು ಮಾಡಿತು. ಈಗ ಭಾಷಾಂತರ, ಆಡಿಯೊ ಕೇಳಿ ಟೈಪ್ ಮಾಡುವುದು, ಪತ್ರಿಕಾ ಪ್ರಕಟಣೆಯನ್ನು ಚಿಕ್ಕದು ಮಾಡುವುದು ಇವಕ್ಕೆಲ್ಲ ಯಂತ್ರ ಬಂದಿದೆ. ಹೊಸಬರ ಕೈಗೆ ಮೊದಲು ಸಿಗುತ್ತಿದ್ದದ್ದು ಇಂಥ ಕೆಲಸಗಳೇ. ಆದ್ದರಿಂದ ಆಫೀಸಿನ ಕುರ್ಚಿಯಲ್ಲೇ ಕೂರಿಸುವ ಅವಕಾಶಕ್ಕಿಂತ ಜನರ ಹತ್ತಿರ ಹೋಗಿ ಮಾತಾಡಿಸುವ, ಕಡತ ತೆಗೆಸಿ ನೋಡುವ ಅವಕಾಶ ಎಲ್ಲಿದೆಯೋ ಅದನ್ನು ಹಿಡಿದುಕೊಳ್ಳಿ.

ಫ್ರೀಲಾನ್ಸ್

ಯಾವ ಸಂಸ್ಥೆಗೂ ನೌಕರರಾಗದೆ ಬಿಡಿ ಬಿಡಿಯಾಗಿ ಬರೆದು ಕೊಡುವ ಫ್ರೀಲಾನ್ಸ್ ಅಂದರೆ ಸ್ವಾತಂತ್ರ್ಯ ಅಂತ ಹೊರಗಿನವರಿಗೆ ಕಾಣುತ್ತದೆ. ಶುರುವಿನಲ್ಲಿ ಅದು ಬಹುಪಾಲು ಕಾಯುವ ಕೆಲಸ. ಉತ್ತರಕ್ಕೆ ಕಾಯಬೇಕು, ಪ್ರಕಟಣೆಗೆ ಕಾಯಬೇಕು, ಸಂಭಾವನೆಗೆ ಇನ್ನೂ ಜಾಸ್ತಿ ಕಾಯಬೇಕು. ಬೇರೆ ಆದಾಯ ಇರುವವರಿಗೆ, ಈಗಾಗಲೇ ಒಂದು ಕ್ಷೇತ್ರ ಚೆನ್ನಾಗಿ ಗೊತ್ತಿರುವವರಿಗೆ, ಮನೆ ಬಿಟ್ಟು ಬರಲಾಗದವರಿಗೆ ಇದು ಸರಿಯಾದ ದಾರಿ. ಇದೊಂದನ್ನೇ ನಂಬಿ ಬಾಡಿಗೆ ಕಟ್ಟುತ್ತೇನೆ ಅನ್ನುವ ಹೊಸಬರಿಗೆ ಅಲ್ಲ.

ತಿದ್ದುವವರ ವಿಷಯಕ್ಕೆ ಬಂದರೆ ಇಲ್ಲಿ ಅದೃಷ್ಟದ ಪಾಲು ದೊಡ್ಡದು. ಕೆಲವು ಸಂಪಾದಕರು ಯಾಕೆ ಬದಲಿಸಿದೆವು ಅಂತ ಎರಡು ಸಾಲು ಬರೆದು ಕಳಿಸುತ್ತಾರೆ, ಹೆಚ್ಚಿನವರಿಗೆ ಪುರುಸೊತ್ತಿಲ್ಲ. ಆಗ ನೀವೇ ಒಂದು ಕೆಲಸ ಮಾಡಬೇಕು: ಕಳಿಸಿದ ಕಾಪಿ ಮತ್ತು ಪ್ರಕಟವಾದ ಕಾಪಿಯನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಿ. ಹತ್ತು ಪತ್ರಿಕೆಗೆ ಒಂದೊಂದು ಲೇಖನ ಬರೆಯುವುದಕ್ಕಿಂತ ಇಬ್ಬರು ಸಂಪಾದಕರಿಗೆ ಐದೈದು ಬರೆಯುವುದು ಮೇಲು, ಅವರಿಗೆ ನಿಮ್ಮ ದೌರ್ಬಲ್ಯ ಗೊತ್ತಾಗುತ್ತಾ ಹೋಗುತ್ತದೆ.

ಅಪಾಯದ ಜಾಗಕ್ಕೆ ಹೋಗಿ ಹೆಸರು ಮಾಡುವ ಯೋಚನೆ ಇದ್ದರೆ ದಯವಿಟ್ಟು ನಿಲ್ಲಿ. ಸಿರಿಯಾದಲ್ಲಿ ಅಪಹರಣಕ್ಕೊಳಗಾಗಿ 2014ರಲ್ಲಿ ಕೊಲೆಯಾದ ಜೇಮ್ಸ್ ಫೋಲಿ ಫ್ರೀಲಾನ್ಸ್ ಪತ್ರಕರ್ತರಾಗಿದ್ದರು. ಮರುವರ್ಷ ಹಲವು ಸುದ್ದಿ ಸಂಸ್ಥೆಗಳು ಮತ್ತು ಪತ್ರಕರ್ತರ ಸಂಘಟನೆಗಳು ಫ್ರೀಲಾನ್ಸರ್‌ಗಳ ಸುರಕ್ಷತೆಗೆ ಅಂತಲೇ ಜಾಗತಿಕ ನಿಯಮಗಳನ್ನು ರೂಪಿಸಿದವು. ತರಬೇತಿ, ವಿಮೆ, ಕೆಲಸ ಒಪ್ಪಿಸಿದ ಸಂಪಾದಕರ ಹೊಣೆ, ಇವು ಮೂರೂ ಇಲ್ಲದೆ ಯುದ್ಧಕ್ಕಾಗಲಿ ಗಲಭೆಗಾಗಲಿ ಯಾರೂ ಹೋಗಬಾರದು.

ಸ್ವಂತ ಚಾನೆಲ್, ಪಾಡ್‌ಕಾಸ್ಟ್

ಯಾರ ಅಪ್ಪಣೆಯೂ ಬೇಡ, ನಾಳೆಯೇ ಶುರು ಮಾಡಬಹುದು. ಇದರ ಬಲವೂ ಅದೇ, ತೊಂದರೆಯೂ ಅದೇ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬರಲು ಸಾವಿರ ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂ ಬೇಕು. ಅದು ದಾಟಿದ ಮೇಲೆ ಉದ್ದದ ವೀಡಿಯೊದ ಜಾಹೀರಾತು ಹಣದಲ್ಲಿ ಶೇ 55 ನಿಮ್ಮದು. ಆದರೆ ವೇದಿಕೆ ನಿಮ್ಮದಲ್ಲ. ವೈನ್ ಎಂಬ ಆರು ಸೆಕೆಂಡಿನ ವೀಡಿಯೊ ಆ್ಯಪ್‌ನಲ್ಲಿ ದೊಡ್ಡ ಹೆಸರು ಮಾಡಿದವರಿದ್ದರು. 2016ರ ಅಕ್ಟೋಬರ್‌ನಲ್ಲಿ ಅದನ್ನು ಮುಚ್ಚುತ್ತೇವೆ ಅಂತ ಮಾಲೀಕರು ಪ್ರಕಟಿಸಿದರು, ಅಲ್ಲಿಗೆ ಕಥೆ ಮುಗಿಯಿತು. ಹಾಗಾಗಿ ಎಲ್ಲ ವೀಡಿಯೊಗಳ ಮೂಲ ಫೈಲ್ ನಿಮ್ಮ ಹತ್ತಿರ ಇರಲಿ, ನೋಡುಗರ ಇಮೇಲ್ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು.

ಈ ದಾರಿಯಲ್ಲಿ ಸಂಪಾದಕರು ಇಲ್ಲ. ಕಾಮೆಂಟಿನವರು ಹೊಗಳುತ್ತಾರೆ ಇಲ್ಲವೇ ಬೈಯುತ್ತಾರೆ, ತಿದ್ದುವುದು ಕಡಿಮೆ. ಆ ಕೊರತೆಯನ್ನು ತುಂಬಿಕೊಂಡವರಲ್ಲಿ ನನಗೆ ತುಂಬ ಇಷ್ಟವಾದವರು ಎಲಿಯಟ್ ಹಿಗಿನ್ಸ್. ಬ್ರಿಟನ್ನಿನ ಲೆಸ್ಟರ್‌ನ ಈ ಮನುಷ್ಯ ಪತ್ರಿಕೋದ್ಯಮದ ಪದವಿ ಪಡೆದವರಲ್ಲ. 2012ರಲ್ಲಿ ಮನೆಯಲ್ಲೇ ಕೂತು ಸಿರಿಯಾ ಯುದ್ಧದ ವೀಡಿಯೊಗಳನ್ನು ಒಂದೊಂದಾಗಿ ನೋಡಿ, ಇದು ಯಾವ ಆಯುಧ, ಎಲ್ಲಿಂದ ಬಂತು ಅಂತ ಬರೆಯಲು ಶುರು ಮಾಡಿದರು. 2014ರ ಜುಲೈನಲ್ಲಿ ಬೆಲಿಂಗ್‌ಕ್ಯಾಟ್ ಎಂಬ ತನಿಖಾ ವೆಬ್‌ಸೈಟ್ ಕಟ್ಟಿದರು, ಅದೇ ತಿಂಗಳು 298 ಜನರಿದ್ದ ಎಂಎಚ್17 ವಿಮಾನ ಉಕ್ರೇನಿನ ಮೇಲೆ ಹೊಡೆದುರುಳಿಸಲ್ಪಟ್ಟಾಗ ಸಾರ್ವಜನಿಕ ಫೋಟೊ, ವೀಡಿಯೊಗಳಿಂದಲೇ ಕ್ಷಿಪಣಿ ವಾಹನ ಸಾಗಿದ ದಾರಿಯನ್ನು ಅವರ ತಂಡ ಗುರುತಿಸಿತು. ಅವರ ವಿಧಾನ ನೋಡಿ: ಈ ಕಂಬ ಇಲ್ಲಿದೆ, ಈ ಕಟ್ಟಡ ಉಪಗ್ರಹ ಚಿತ್ರದಲ್ಲಿ ಇಲ್ಲಿ ಕಾಣುತ್ತದೆ, ನೀವೂ ಪರೀಕ್ಷಿಸಿ ಅಂತ ಪ್ರತಿ ಹೆಜ್ಜೆಯನ್ನೂ ಓದುಗರ ಮುಂದೆ ಇಟ್ಟರು. ತಪ್ಪಿದ್ದರೆ ಯಾರು ಬೇಕಾದರೂ ಹಿಡಿಯಬಹುದು. ಸ್ವಂತ ಚಾನೆಲ್ ಮಾಡುವವರು ಕಲಿಯಬೇಕಾದ್ದು ಇದನ್ನೇ ಹೊರತು ಥಂಬ್‌ನೇಲ್ ಮಾಡುವ ಗುಟ್ಟನ್ನಲ್ಲ. ನಿಮ್ಮಂಥದ್ದೇ ಕೆಲಸ ಮಾಡುವ ಇನ್ನೊಬ್ಬರ ಜೊತೆ ಒಪ್ಪಂದ ಮಾಡಿಕೊಂಡು, ಪ್ರಕಟಿಸುವ ಮೊದಲು ಒಬ್ಬರದನ್ನೊಬ್ಬರು ನೋಡಿ ಮುಲಾಜಿಲ್ಲದೆ ತಪ್ಪು ಹುಡುಕುವುದೂ ಒಳ್ಳೆಯದೇ.

ಯಾರೂ ಹೇಳದ ಪಕ್ಕದ ಬಾಗಿಲುಗಳು

ವರದಿಗಾರರ ಒಂದು ಜಾಗಕ್ಕೆ ಸಾಲು ನಿಂತಿರುತ್ತದೆ, ಒಳ್ಳೆಯ ವೀಡಿಯೊ ಎಡಿಟರ್‌ಗೆ ಸಂಸ್ಥೆಯೇ ಹುಡುಕುತ್ತಿರುತ್ತದೆ. ವೀಡಿಯೊಗೆ ಡಾವಿಂಚಿ ರಿಸಾಲ್ವ್‌ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ, ಆಡಿಯೊಗೆ ಆಡಾಸಿಟಿ, ಇವೆರಡರಲ್ಲಿ ಮನೆಯಲ್ಲೇ ಅಭ್ಯಾಸ ಮಾಡಬಹುದು. ಎಡಿಟಿಂಗ್ ಸಹಾಯಕರ ಮೊದಲ ಪರೀಕ್ಷೆ ಕತ್ತರಿಸುವುದರಲ್ಲಿ ಇರುವುದಿಲ್ಲ. ಕಾರ್ಡಿನಿಂದ ಫುಟೇಜ್ ಇಳಿಸಿ, ದಿನಾಂಕ ಮತ್ತು ಕ್ಯಾಮೆರಾ ಪ್ರಕಾರ ಫೋಲ್ಡರ್ ಮಾಡಿ, ಎರಡು ಡಿಸ್ಕ್‌ಗೆ ಕಾಪಿ ಮಾಡಿ, ಎರಡೂ ತೆರೆದು ನೋಡಿ, ಆಮೇಲಷ್ಟೇ ಕಾರ್ಡ್ ಅಳಿಸುವುದು. ಇಷ್ಟನ್ನು ಪ್ರತಿ ಸಲ ತಪ್ಪದೆ ಮಾಡುವವರನ್ನು ಯಾರೂ ಬಿಟ್ಟುಕೊಡುವುದಿಲ್ಲ. ಸದ್ದಿನ ಕಡೆ ಒಲವಿದ್ದರೆ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲಿ ತಂದ ಮಾನದಂಡ ಓದಿ, ಕಾರ್ಯಕ್ರಮದ ಸದ್ದು ಸರಾಸರಿ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಸದ್ದು ಎಷ್ಟು ಜೋರು ಅಂತ ಅಳೆಯುವ ಮಾನ) ಇರಬೇಕು ಅನ್ನುತ್ತದೆ ಅದು. ಇಂಥದ್ದನ್ನು ಅಳೆದು ಕೊಡಬಲ್ಲವರು ಎಲ್ಲ ಕಡೆಯೂ ಕಡಿಮೆ. ಈ ದಾರಿಯಲ್ಲಿ ತಿದ್ದುವವರು ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ, "ಈ ಕಟ್ ಎರಡು ಫ್ರೇಮ್ ಮೊದಲೇ ಬರಲಿ" ಅಂತ ಆಗಲೇ ಹೇಳುತ್ತಾರೆ. ಎಡಿಟ್ ರೂಮಿನಿಂದ ಪ್ರೊಡ್ಯೂಸರ್ ಆಗುವುದು ಚೆನ್ನಾಗಿ ಸವೆದ ದಾರಿ.

ಇನ್ನೊಂದು ಬಾಗಿಲು ವಿಷಯ ಜ್ಞಾನ. ವಿದೇಶಗಳಲ್ಲಿ ಗುಟ್ಟಾಗಿ ನಡೆಸುವ ಕಂಪನಿಗಳ ಸೋರಿಕೆಯಾದ ಕಡತಗಳ ಮೇಲೆ ನಡೆದ 2016ರ ಪನಾಮಾ ಪೇಪರ್ಸ್ ತನಿಖೆಯಲ್ಲಿ 1.15 ಕೋಟಿ ದಾಖಲೆಗಳಿದ್ದವು, 2.6 ಟೆರಾಬೈಟ್. 370ಕ್ಕೂ ಹೆಚ್ಚು ಪತ್ರಕರ್ತರು ಅದರ ಮೇಲೆ ಕೆಲಸ ಮಾಡಿದರು, ಆದರೆ ದಾಖಲೆಗಳನ್ನು ಹುಡುಕಲು ಬರುವ ಹಾಗೆ ಜೋಡಿಸಿದ ಪ್ರೋಗ್ರಾಮರ್‌ಗಳು, ಡೇಟಾ ತಂಡದವರು ಇಲ್ಲದಿದ್ದರೆ ಅದು ಕಾಗದದ ರಾಶಿಯಾಗಿಯೇ ಉಳಿಯುತ್ತಿತ್ತು. ಅಕೌಂಟ್ಸ್ ಗೊತ್ತಿರುವವರು, ನರ್ಸ್ ಆಗಿ ಕೆಲಸ ಮಾಡಿದವರು, ಕೋಡ್ ಬರೆಯುವವರು ವಯಸ್ಸು ಮೀರಿತು ಅಂತ ಹಿಂಜರಿಯಬೇಕಿಲ್ಲ. ನಿಮಗೆ ಗೊತ್ತಿರುವುದನ್ನು ಸುದ್ದಿಮನೆಯವರು ವರ್ಷಗಟ್ಟಲೆ ಕಲಿಯಬೇಕು. ಫ್ಯಾಕ್ಟ್ ಚೆಕ್ ಕೂಡ ಇದೇ ಜಾತಿಗೆ ಸೇರಿದ್ದು, ತಾಳ್ಮೆ ಮತ್ತು ಅನುಮಾನ ಇರುವವರಿಗೆ ಒಳ್ಳೆಯ ಶುರು.

ಪಿಆರ್, ಅಂದರೆ ಕಂಪನಿಗಳ ಪರವಾಗಿ ಪ್ರಚಾರ ನೋಡಿಕೊಳ್ಳುವ ಕೆಲಸದಲ್ಲಿ ಸಂಬಳ ಚೆನ್ನಾಗಿರುತ್ತದೆ, ಬರವಣಿಗೆಯೂ ಪಳಗುತ್ತದೆ. ಆದರೆ ಅಲ್ಲಿ ತಿದ್ದುವವರು ಗ್ರಾಹಕರ ಪರ ತಿದ್ದುತ್ತಾರೆ, ಓದುಗರ ಪರ ಅಲ್ಲ. ಅಲ್ಲಿಂದ ಸುದ್ದಿಗೆ ಬರುವ ಮನಸ್ಸಿದ್ದರೆ ತುಂಬ ತಡ ಮಾಡಬೇಡಿ.

ನಿಮ್ಮ ಸ್ಥಿತಿಗೆ ಯಾವುದು

ಈಗಷ್ಟೇ ಪದವಿ ಮುಗಿಸಿದ್ದೀರಿ, ಒಂದು ವರ್ಷ ಓದಲು ಅನುಕೂಲ ಇದೆ ಅಂದರೆ ಕೆಲಸ ಮಾಡಿಸುವ ಕೋರ್ಸ್. ತಕ್ಷಣ ಸಂಬಳ ಬೇಕು ಅಂದರೆ ಎಡಿಟಿಂಗ್ ಇಲ್ಲವೇ ಸಣ್ಣ ಸಂಸ್ಥೆಯ ಡೆಸ್ಕ್. ಬೇರೆ ಉದ್ಯೋಗದಲ್ಲಿದ್ದೀರಿ ಅಂದರೆ ಆ ಉದ್ಯೋಗ ಬಿಡದೆ, ಅದೇ ಕ್ಷೇತ್ರದ ಬಗ್ಗೆ ಫ್ರೀಲಾನ್ಸ್. ಸಾಲ ಮಾಡಿ ಕ್ಯಾಮೆರಾ ತಂದು ಚಾನೆಲ್ ಶುರು ಮಾಡುವುದು ಮಾತ್ರ ಬೇಡ, ಫೋನಿನಲ್ಲೇ ಶುರು ಮಾಡಿ, ಮೈಕ್ ಒಂದು ಒಳ್ಳೆಯದಿರಲಿ. ಚಿತ್ರ ಮಸುಕಾಗಿದ್ದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಯಾವ ದಾರಿ ಆರಿಸಿದರೂ ಮೊದಲ ಪತ್ರ ನೀವೇ ಬರೆಯಬೇಕು. "ನನಗೆ ಮಾಧ್ಯಮದಲ್ಲಿ ತುಂಬ ಆಸಕ್ತಿ, ಅವಕಾಶ ಕೊಡಿ" ಅನ್ನುವ ಇಮೇಲ್ ಸಂಪಾದಕರಿಗೆ ದಿನಾ ಬರುತ್ತದೆ. ಅದರ ಬದಲು ಹೀಗೆ ಬರೆದು ನೋಡಿ: "ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಎರಡು ವರ್ಷದಿಂದ ಹೊಸ ಪುಸ್ತಕ ಬಂದಿಲ್ಲ. ಖರೀದಿ ಪಟ್ಟಿ ನನ್ನ ಹತ್ತಿರ ಇದೆ, ಗ್ರಂಥಪಾಲಕರು ಮಾತಾಡಲು ಒಪ್ಪಿದ್ದಾರೆ. 600 ಪದಗಳಲ್ಲಿ ಶುಕ್ರವಾರದೊಳಗೆ ಕೊಡಬಲ್ಲೆ. ನನ್ನ ಹಿಂದಿನ ಎರಡು ಬರಹಗಳ ಲಿಂಕ್ ಕೆಳಗಿದೆ." ನಾಲ್ಕೇ ವಾಕ್ಯ. ಸುದ್ದಿ ಏನು, ಆಧಾರ ಏನು, ಯಾವಾಗ ಸಿಗುತ್ತದೆ, ಬರೆಯಲು ಬರುತ್ತದಾ, ನಾಲ್ಕೂ ಗೊತ್ತಾಯಿತು. ಲಿಂಕಿನಲ್ಲಿ ಇಪ್ಪತ್ತು ಬರಹ ತುಂಬಬೇಡಿ, ಒಳ್ಳೆಯವು ಎರಡು ಮೂರು ಸಾಕು. ವಾರದಲ್ಲಿ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಅವರಿಗೆ ತಿಳಿಸಿ ಬೇರೆ ಕಡೆ ಕಳಿಸಿ. ಒಂದೇ ಐಡಿಯಾವನ್ನು ಏಕಕಾಲಕ್ಕೆ ಇಬ್ಬರಿಗೆ ಕಳಿಸಬೇಡಿ, ಇಬ್ಬರೂ ಒಪ್ಪಿಕೊಂಡರೆ ಒಬ್ಬರ ನಂಬಿಕೆ ಕಳೆದುಕೊಳ್ಳುತ್ತೀರಿ.